ಕಣ್ಣಿನ ಉರಿಯೂತಕ್ಕೆ ಕೈಗಡದ ಮದ್ದು

‘ಮದ್ರಾಸ್ ಐ ಆಗೇತ್ರಿ, ಒಂದು ಡ್ರಾಪ್ಸ್ ಕೊಡ್ರಿ.’ ದಾವಣಗೆರೆಯ ಔಷಧಿ ಅಂಗಡಿಗಳಿಗೆ ಇದು ಹೊಸ ಮಾತಲ್ಲ. ಕೊಟ್ಟ ಹನಿಯಲ್ಲಿ ಸ್ಟೆರಾಯ್ಡ್ ಇದ್ದರೆ ಎರಡು ದಿನಕ್ಕೆ ಕೆಂಪು ಇಳಿಯುತ್ತದೆ. ಆದರೆ ಆ ಕೆಂಪು ಯುವಿಯೈಟಿಸ್ ಎಂಬ ಕಾಯಿಲೆಯದ್ದಾಗಿದ್ದರೆ ಹನಿ ನಿಲ್ಲಿಸಿದ ಮೇಲೆ ಮತ್ತೆ ಹಾಜರಾಗಬಹುದು. ಬೆಳಕು ಚುಚ್ಚುತ್ತದೆ, ಕಣ್ಣ ಮುಂದೆ ಸೊಳ್ಳೆ ಹಾರಿದಂತಾಗುತ್ತದೆ, ದೃಷ್ಟಿ ಮಂಜಾಗುತ್ತದೆ. ಕಣ್ಣಿನ ನಡುಪದರದ ಈ ಉರಿಯೂತಕ್ಕೆ ಕೆಲವೊಮ್ಮೆ ಟಿಬಿಯಂಥ ಸೋಂಕು ಕಾರಣ, ಕೆಲವೊಮ್ಮೆ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕಣ್ಣಿನ ಮೇಲೆ ತಿರುಗಿ ಬೀಳುವುದು.

ಅಕ್ಕನ ಮಗನಿಗೆ ಹೀಗಾದಾಗ ಮನೆಯಲ್ಲಿ ತಲೆಗೊಂದು ಸುದ್ದಿ. ಹೊಸ ಇಂಜೆಕ್ಷನ್ ಬಂದಿದೆಯಂತೆ, ಅದಿನ್ನೂ ಪ್ರಯೋಗದಲ್ಲಿದೆಯಂತೆ, ಕ್ಯಾನ್ಸರ್ ಗುಳಿಗೆ ಬರೆದುಕೊಟ್ಟಿದ್ದಾರಂತೆ. ಯಾವುದು ಪ್ರಯೋಗ, ಯಾವುದು ಪಕ್ಕಾ ಚಿಕಿತ್ಸೆ?

ಗೆರೆ ಎಳೆಯುವುದು ಕಷ್ಟ. ಈ ಕಾಯಿಲೆಯ ಮುಖ್ಯ ಔಷಧಗಳೆಲ್ಲ ಬೇರೆ ಕಾಯಿಲೆಗಳಿಂದ ತಂದ ಕೈಗಡ. 1948ರಲ್ಲಿ ಕೀಲುವಾತಕ್ಕೆ ಕೊಟ್ಟ ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಎರಡು ಮೂರು ವರ್ಷದಲ್ಲೇ ಕಣ್ಣಿಗೂ ಬಂತು. ಅಂಗಾಂಗ ಕಸಿಯ ಸೈಕ್ಲೋಸ್ಪೊರಿನ್ 1980ರ ದಶಕದಲ್ಲಿ. ಸ್ಟೆರಾಯ್ಡಿನಷ್ಟು ಬೇಗ ಬೆಂಕಿ ಆರಿಸುವ ಮದ್ದು ಇಂದಿಗೂ ಇಲ್ಲ. ಆದರೆ ವರ್ಷಗಟ್ಟಲೆ ಹಾಕಿದರೆ ಪೊರೆ, ಗ್ಲೂಕೋಮಾ, ಮಾತ್ರೆ ನುಂಗುವವರಿಗೆ ಸಕ್ಕರೆ ಕಾಯಿಲೆ. ಅದಕ್ಕೇ ಬದಲಿ ಮದ್ದಿನ ಹುಡುಕಾಟ.

‘ಕ್ಯಾನ್ಸರ್ ಗುಳಿಗೆ’ ಎಂದು ಮನೆಯವರನ್ನು ಹೆದರಿಸಿದ್ದು ಮೆಥೊಟ್ರೆಕ್ಸೇಟ್. ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ತಯಾರಿಸಿದ್ದು. ರಕ್ತ ಕ್ಯಾನ್ಸರಿಗೆ ಬಂದದ್ದು, ಸಣ್ಣ ಪ್ರಮಾಣದಲ್ಲಿ ಸೋರಿಯಾಸಿಸ್, ಕೀಲುವಾತಗಳಿಗೂ ಒದಗಿತು. 1960ರ ದಶಕದಲ್ಲೇ ಕಣ್ಣಿನ ವೈದ್ಯರೂ ಬಳಸಿ ನೋಡಿದರು. ಇದನ್ನು ನುಂಗುವುದು ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ನಮಗೆ ಸಿಕ್ಕ ಚೀಟಿಯೊಂದರಲ್ಲಿ 1-0-0 ಎಂದಷ್ಟೇ ಇತ್ತು. ಅಂದರೆ ದಿನಾ ಬೆಳಿಗ್ಗೆ ಒಂದು. ಅಕ್ಕ ಫೋನ್ ಮಾಡಿ ಕೇಳಿದ್ದಕ್ಕೆ ಬಚಾವು. ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆಲ್ಲ ಪೆನ್ನಿನಿಂದ ಸುತ್ತು ಹಾಕಿದಳು.

ಮೆಥೊಟ್ರೆಕ್ಸೇಟ್‌ಗಿಂತ ಹೊಸದಾದ, ದುಬಾರಿಯಾದ ಮೈಕೊಫೆನೊಲೇಟ್ ಗುಳಿಗೆ ಮೇಲು ಎಂಬ ನಂಬಿಕೆ ಬಹಳ ಕಾಲ ಇತ್ತು. ಅದನ್ನು ಒರೆಗೆ ಹಚ್ಚಿದ, ನಮ್ಮ ದೇಶದ ಅರವಿಂದ್ ಕಣ್ಣಾಸ್ಪತ್ರೆಗಳೂ ಸೇರಿದ್ದ, 216 ರೋಗಿಗಳ ಪರೀಕ್ಷೆಯ ಫಲಿತಾಂಶ 2019ರಲ್ಲಿ ಹೊರಬಿತ್ತು. ಆರು ತಿಂಗಳಿಗೆ ಗುಣ ಕಂಡವರು ಹಳೆಯ ಗುಳಿಗೆಯಲ್ಲಿ ಶೇ 66.7, ಹೊಸದರಲ್ಲಿ ಶೇ 57.1. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ದೊಡ್ಡ ಅಂತರವಲ್ಲ, ನಿಜ. ಅಗ್ಗದ ಗುಳಿಗೆ ಸೋಲಲಿಲ್ಲ ಎಂಬುದೇ ನನಗೆ ದೊಡ್ಡ ಸುದ್ದಿ. ಅದು ಸುದ್ದಿಯಾಗಲಿಲ್ಲ ಅನ್ನಿ.

ಸುದ್ದಿಯಾದದ್ದು ಅಡಾಲಿಮುಮಾಬ್ ಇಂಜೆಕ್ಷನ್. ಇದೂ ಕೀಲುವಾತದ ಮದ್ದೇ. ಸೋಂಕಿನಿಂದ ಬಾರದ, ಕಣ್ಣಿನ ಮಧ್ಯ ಮತ್ತು ಹಿಂಭಾಗದ ಯುವಿಯೈಟಿಸ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಕಾಯಿಲೆ ಮರುಕಳಿಸಿ ಚಿಕಿತ್ಸೆ ಕೈಕೊಡಲು ಪರೀಕ್ಷೆಯಲ್ಲಿ ಹೋಲಿಕೆಗೆಂದು ಹುಸಿ ಮದ್ದು ಪಡೆದವರಲ್ಲಿ 13 ವಾರ ಹಿಡಿದರೆ ಇದರಲ್ಲಿ 24 ವಾರ ಹಿಡಿಯಿತು. ಝೈಡಸ್ ಕಂಪನಿ 2014ರಲ್ಲೇ ಭಾರತದಲ್ಲಿ ಇದರ ಅಗ್ಗದ ಪ್ರತಿರೂಪ ತಂದಿತ್ತು. ಅಗ್ಗ ಎನ್ನುವುದು ಮೂಲದ ಬೆಲೆಗೆ ಹೋಲಿಸಿದ ಮಾತು. ಆಯುಷ್ಮಾನ್ ಕಾರ್ಡಿನ ವರ್ಷದ 5 ಲಕ್ಷ ರೂಪಾಯಿ ಆಸ್ಪತ್ರೆಗೆ ದಾಖಲಾದವರಿಗೆ; ಹದಿನೈದು ದಿನಕ್ಕೊಮ್ಮೆ ಮನೆಯಲ್ಲೇ ಚುಚ್ಚಿಕೊಳ್ಳುವ ಸೂಜಿ ಆ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಬೆಂಗಳೂರಿಂದ ಬರುವ ಬಸ್ಸಿನಲ್ಲಿ ಭಾವ ಥರ್ಮಾಕೋಲ್ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಿರಿಯೂರು ದಾಟಿದ ಮೇಲೆ ಮುಚ್ಚಳದ ಮೇಲೆ ಕೈಯಿಟ್ಟು ತಂಪು ನೋಡುತ್ತಿದ್ದರು.

ಇನ್ನೊಂದು ತೊಡಕು ಟಿಬಿ. ಈ ಬಗೆಯ ಇಂಜೆಕ್ಷನ್ನುಗಳು ಒಳಗೆ ಮಲಗಿದ್ದ ಟಿಬಿಯನ್ನು ಎಬ್ಬಿಸಬಲ್ಲವು ಎಂಬುದು 2001ರಿಂದಲೇ ಗೊತ್ತು. ನಮ್ಮಂಥ ದೇಶದಲ್ಲಿ ಎದೆಯ ಎಕ್ಸ್‌ರೇ, ಚರ್ಮಕ್ಕೆ ಚುಚ್ಚಿ ಟಿಬಿ ನೋಡುವ ಮ್ಯಾಂಟೂ ಪರೀಕ್ಷೆ ಇಲ್ಲದೆ ಶುರು ಮಾಡುವಂತಿಲ್ಲ.

ಸೋತ ಪ್ರಯೋಗಗಳೂ ಇವೆ. ಹಸುವಿನ ಅಕ್ಷಿಪಟಲದ ಪ್ರೊಟೀನನ್ನು ಬಾಯಿಯ ಮೂಲಕ ಕೊಟ್ಟು, ಕಣ್ಣಿನ ಮೇಲೆ ಬೀಳದಂತೆ ದೇಹದ ರಕ್ಷಣಾ ವ್ಯವಸ್ಥೆಯನ್ನು ಪಳಗಿಸುವ ಯತ್ನ 1990ರ ದಶಕದಲ್ಲಿ ನಡೆದು ತಣ್ಣಗಾಯಿತು. ಸೋರಿಯಾಸಿಸ್‌ನಲ್ಲಿ ಗೆದ್ದ ಸೆಕುಕಿನುಮಾಬ್ ಕಣ್ಣಿನ ಮೂರು ಪರೀಕ್ಷೆಗಳಲ್ಲೂ ಮುಖ್ಯ ಗುರಿ ಮುಟ್ಟಲಿಲ್ಲ. ಕೈಗಡ ಎಲ್ಲ ಸಲವೂ ಹುಟ್ಟುವುದಿಲ್ಲ. ಈಗ ಸರದಿ ಬ್ಯಾರಿಸಿಟಿನಿಬ್‌ನಂಥ ಮಾತ್ರೆಗಳದ್ದು, ಅವೂ ಕೀಲುವಾತದ ಮನೆಯಿಂದಲೇ ಬಂದವು. ಭಾರತದಲ್ಲಿ ನಡೆಯುವ ಔಷಧ ಪ್ರಯೋಗಗಳ ನೋಂದಣಿ 2009ರಿಂದ ಕಡ್ಡಾಯ. ಆ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ‘ಪ್ರಯೋಗವಂತೆ’ ಎಂದು ಪಿಸುಗುಡುವ ಮೊದಲು ನಾವೂ ನೋಡಬಹುದಿತ್ತು.

ಬೆಂಗಳೂರಿನ ವೈದ್ಯರು ಮೊದಲ ದಿನ ಕಣ್ಣಿನ ಸುದ್ದಿಯನ್ನೇ ಎತ್ತಲಿಲ್ಲ. ಕಾಯಿಲೆಯ ಬೇರು ಹುಡುಕಲು, ಬೆಳಿಗ್ಗೆ ಏಳುವಾಗ ಸೊಂಟ ಹಿಡಿಯುತ್ತದೆಯೇ, ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತೇ ಎಂದರು. ಇಷ್ಟು ದಿನ ಯಾವ ಹನಿ ಹಾಕಿದಿರಿ ಎಂದಾಗ ಅಕ್ಕ, ಭಾವ ಮುಖ ಮುಖ ನೋಡಿಕೊಂಡರು. ‘ಬಿಳೀ ಬಾಟ್ಲಿ ಸಾರ್, ನೀಲಿ ಮುಚ್ಚಳ’ ಎಂದ ಹುಡುಗ.