ಅಂಬರಿನೊಳಗಿನ ಹೂವಿಗೆ ಹೆಸರಿಡುವ ಮುನ್ನ

ಕಳೆದ ವಾರ ಎಂ.ಎಸ್ಸಿ. ಓದುವ ಹುಡುಗಿಯೊಬ್ಬಳು ಜೇನಿನ ಬಣ್ಣದ ಮಣಿಯೊಂದನ್ನು ಅಂಗೈಯಲ್ಲಿ ಹಿಡಿದುಕೊಂಡು ಧಾರವಾಡದ ನಮ್ಮ ಪ್ರಯೋಗಾಲಯಕ್ಕೆ ಬಂದಳು. ಮಣಿಯೊಳಗೆ ಉಗುರಿನಷ್ಟು ಒಂದು ಎಲೆ.

"ಸರ್, ಇದು ಅಂಬರ್ ಅಂತ. ಈ ಎಲಿ ಹೊಸಾ ಜಾತೀದು ಇರಬಹುದೇನ್ರಿ?"

"ಮೊದಲ ಇದು ಅಂಬರ್ ಹೌದೋ ಅಲ್ಲೋ ನೋಡೂಣು ಬಾ" ಎಂದೆ. ಅಂಬರ್ ಎಂದರೆ ಕಾಲಾಂತರದಲ್ಲಿ ಕಲ್ಲಿನಂತೆ ಗಟ್ಟಿಯಾದ ಮರದ ರಾಳ.

ಮಣಿಯ ಅಂಚಿಗೆ ಒಂದು ಹನಿ ಅಸಿಟೋನ್ ಬಿಟ್ಟು, ತುಸು ಹೊತ್ತಿನ ಮೇಲೆ ಬೆರಳು ಒತ್ತಿದೆ. ಬೆರಳು ಅಂಟಿತು, ಗೆರೆಗಳೂ ಮೂಡಿದವು. ನಿಜವಾದ ಅಂಬರ್ ಹೀಗೆ ಅಂಟುವುದಿಲ್ಲ. ಅದು ಕೋಪಲ್. ಅಂದರೆ ಮರದ ರಾಳವೇ, ಆದರೆ ಇನ್ನೂ ಪೂರ್ತಿ ಮಾಗಿ ಗಟ್ಟಿಯಾಗದ ರಾಳ. ಅಂಬರ್ ಆಗಲು ಅದು ಲಕ್ಷಾಂತರ ವರ್ಷ ಮಣ್ಣಿನಡಿ ಇರಬೇಕು. ಹುಡುಗಿಯ ಮುಖ ಬಾಡಿತು.

ರಾಳ ಬೇರೆ, ಅಂಟು ಬೇರೆ. ನಮ್ಮ ಮನೆಗಳಲ್ಲಿ ಬಾಣಂತಿಗೆ ಅಂಟಿನುಂಡಿ ಕಟ್ಟುವಾಗ ತುಪ್ಪದಲ್ಲಿ ಹುರಿಯುತ್ತಾರಲ್ಲ, ಆ ಅಂಟು ನೀರಿನಲ್ಲಿ ನೆನೆದು ಕರಗುತ್ತದೆ. ಎಷ್ಟು ಕಾಲ ಕಳೆದರೂ ಅದು ಅಂಬರ್ ಆಗದು. ರಾಳ ನೀರಿಗೆ ಜಗ್ಗುವುದಿಲ್ಲ. ಘಟ್ಟದ ದಟ್ಟ ಕಾಡಿನಲ್ಲಿ ಸಾಲುಧೂಪದ ತೊಗಟೆಯಿಂದ ಒಸರುವುದು ಅಂಥದ್ದು. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಯಲ್ಲಿ ಸಿಕ್ಕ ಅಂಬರಿಗೆ ಸುಮಾರು 5 ಕೋಟಿ ವರ್ಷ. ಅದನ್ನು ಸುರಿಸಿದ್ದು ಸಾಲುಧೂಪದ ಕುಟುಂಬದ ಮರಗಳೇ ಎಂದು ರಾಸಾಯನಿಕ ಪರೀಕ್ಷೆ ತೋರಿಸಿದೆ. ದೇವರ ಮುಂದೆ ಧೂಪದ ಹೊಗೆ ಏಳುವಾಗ ನನಗೆ ಆ ಗಣಿ ನೆನಪಾಗುತ್ತದೆ.

ಇನ್ನು "ಹೊಸ ಜಾತಿ" ಎಂಬ ಮಾತು. ಇದಕ್ಕೆ ವಿದ್ಯಾರ್ಥಿಗಳಿಗೆ ನಾನು ಯಾವಾಗಲೂ ಹೇಳುವುದು ಒಂದೇ ಹೂವಿನ ಕಥೆ. ಯುರೋಪಿನ ಬಾಲ್ಟಿಕ್ ಸಮುದ್ರದ ಸುತ್ತಿನ ಅಂಬರಿನಲ್ಲಿ ಸಿಕ್ಕ, 28 ಮಿಲಿಮೀಟರ್ ಅಗಲದ ಹೂವು. ಅಂಬರಿನೊಳಗೆ ಇದಕ್ಕಿಂತ ದೊಡ್ಡ ಹೂವು ಈವರೆಗೆ ದಾಖಲಾಗಿಲ್ಲ. ವಯಸ್ಸು 3.4ರಿಂದ 3.8 ಕೋಟಿ ವರ್ಷ. 1872ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ರಾಬರ್ಟ್ ಕ್ಯಾಸ್ಪರಿ ಅದನ್ನು ಚಹಾ ಗಿಡದ ಕುಟುಂಬಕ್ಕೆ ಸೇರಿಸಿ, ಸ್ಟೀವಾರ್ಟಿಯಾ ಕೋವಾಲೆವ್‌ಸ್ಕಿ ಎಂದು ಹೆಸರಿಟ್ಟರು. ಎಸಳು, ಕೇಸರ ಎಲ್ಲವೂ ಗಾಜಿನೊಳಗಿನಂತೆ ಸ್ಪಷ್ಟ. ನೂರೈವತ್ತು ವರ್ಷ ಆ ಹೆಸರೇ ನಡೆಯಿತು. ಬಳಿಕ ವಿಜ್ಞಾನಿಗಳಾದ ಎವಾ-ಮರಿಯಾ ಸಡೋವ್‌ಸ್ಕಿ ಮತ್ತು ಕ್ರಿಸ್ಟಾ ಹಾಫ್‌ಮನ್ ಅಂಬರಿನ ಮೇಲ್ಮೈಯಿಂದ ಪರಾಗದ ಕಣಗಳನ್ನು ಮೆಲ್ಲಗೆ ಕೆರೆದು ತೆಗೆದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಡಿ ಇಟ್ಟರು. ಪರಾಗ ಸ್ಟೀವಾರ್ಟಿಯಾದ್ದಲ್ಲ! ಅದು ಸಿಂಪ್ಲೋಕಸ್, ಅಂದರೆ ನಮ್ಮ ಆಯುರ್ವೇದದ ಲೋಧ್ರದ ಕುಲ. 2023ರಲ್ಲಿ ಹೂವಿನ ಕುಲ ಬದಲಾಯಿತು. ಕೋವಾಲೆವ್‌ಸ್ಕಿ ಎಂಬ ಎರಡನೆಯ ಪದ ಮಾತ್ರ ಉಳಿಯಿತು, ಏಕೆಂದರೆ ಮೊದಲು ಇಟ್ಟ ಹೆಸರಿನ ಹಕ್ಕನ್ನು ಸಸ್ಯಗಳಿಗೆ ಹೆಸರಿಡುವ ನಿಯಮ ಕಾಯುತ್ತದೆ.

ಕ್ಯಾಸ್ಪರಿ ತಪ್ಪಿದರು ಎಂದು ನಾನು ಹೇಳಲಾರೆ. ಅವರ ಕಣ್ಣಿಗೆ ಕಂಡದ್ದನ್ನು ಬರೆದರು; ಹೂವು ಸಂಗ್ರಹದಲ್ಲಿ ಉಳಿದದ್ದರಿಂದಲೇ ಮುಂದಿನವರು ಅದನ್ನು ತಿದ್ದಲು ಸಾಧ್ಯವಾಯಿತು. ಅದೇ ನಿಯಮದ ಪ್ರಕಾರ, ಪಳೆಯುಳಿಕೆಯ ಹೊಸ ಜಾತಿಯ ವಿವರಣೆ ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿರಬೇಕು, ಚಿತ್ರ ಬೇಕು, ಮೂಲ ಮಾದರಿ ಯಾವ ಸಂಸ್ಥೆಯಲ್ಲಿದೆ ಎಂದು ಬರೆದಿರಬೇಕು. ಇವುಗಳಲ್ಲಿ ಕೊನೆಯದೇ ನನಗೆ ದೊಡ್ಡದು. ಯಾರದೋ ಮನೆಯ ಕಪಾಟು ಸೇರಿದ ಹೂವನ್ನು ಮತ್ತೆ ಯಾರು ನೋಡುತ್ತಾರೆ?

ನೋಡುವುದೂ ಸುಲಭವಲ್ಲ. ಉಬ್ಬಿದ ಅಂಬರ್ ಬೆಳಕನ್ನು ಬಾಗಿಸುತ್ತದೆ, ಎಸಳು ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆ. ಹಾಗಾಗಿ ನುಣುಪು ಮರಳು ಕಾಗದದ ಮೇಲೆ ನೀರು ಹಾಕಿ, ಎರಡು ಮೈಯನ್ನೂ ಚಪ್ಪಟೆಯಾಗಿ ಉಜ್ಜಬೇಕು. ಎರಡು ಸಲ ಉಜ್ಜಿ ಒಂದು ಸಲ ನೋಡಬೇಕು. ಒಂದು ಕೂದಲೆಳೆ ಹೆಚ್ಚಾದರೆ ಕೇಸರವೇ ಹೋಯಿತು. ಆಮೇಲೆ ಬದುಕಿರುವ ಗಿಡಗಳೊಂದಿಗೆ ಹೋಲಿಕೆ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಎಲೆ ಒಂದೇ ಇದ್ದರಂತೂ ನಾನು ಹೆಸರಿಡಲು ಬಹಳ ಹಿಂಜರಿಯುತ್ತೇನೆ, ಏಕೆಂದರೆ ಸಂಬಂಧವೇ ಇಲ್ಲದ ಗಿಡಗಳ ಎಲೆಗಳೂ ಅಚ್ಚು ಹೊಡೆದಂತೆ ಒಂದೇ ಥರ ಇರುತ್ತವೆ.

ಹುಡುಗಿ ಮಣಿಯನ್ನು ಡಬ್ಬಿಗೆ ಹಾಕಿ "ಕೋಪಲ್, ಸಿಕ್ಕ ಜಾಗ ಗೊತ್ತಿಲ್ಲ" ಎಂದು ಚೀಟಿ ಅಂಟಿಸಿದಳು. ಮರುದಿನ ಬಂದು ಲೋಧ್ರದ ಹರ್ಬೇರಿಯಂ ಹಾಳೆ, ಅಂದರೆ ಒಣಗಿಸಿದ ಗಿಡ ಅಂಟಿಸಿಟ್ಟ ಹಾಳೆ, ಕೇಳಿದಳು. ಉದುರಿ ಲಕೋಟೆಯಲ್ಲಿದ್ದ ಒಣ ಹೂವೊಂದನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಸೂಜಿಯಿಂದ ಬಿಡಿಸಿ ಕೇಸರ ಎಣಿಸುತ್ತ ಕುಳಿತಳು. ಮಧ್ಯಾಹ್ನ ಹೋಗಿ ಕೇಳಿದೆ, ಎಷ್ಟಾದವು ಎಂದು.

"ನಲವತ್ತು ದಾಟ್ಯಾವ್ರಿ ಸರ್. ಇನ್ನೂ ಅದಾವು."