ಬೋಟಿನ ಇಂಜಿನ್ನಿಗೆ ಚಳಿಗಾಲದ ತಯಾರಿ

ಅಮೆರಿಕದ ಮಿನೆಸೋಟಾ, ಮಿಚಿಗನ್ ಕಡೆಯ ಸರೋವರಗಳಲ್ಲಿ ಓಡುವ ಸ್ಟರ್ನ್‌ಡ್ರೈವ್ ಬೋಟುಗಳ (ಇಂಜಿನ್ ಒಳಗೆ, ಪ್ರೊಪೆಲ್ಲರಿರುವ ಡ್ರೈವ್ ಹಿಂಬದಿಯ ಹೊರಗೆ) ಇಂಜಿನ್ ಹೆಚ್ಚಾಗಿ ಕಾರಿನ ಇಂಜಿನ್ನಿನ ಜಾತಿಯದೇ. ಎರಕದ ಕಬ್ಬಿಣದ ಬ್ಲಾಕ್, ಆದರೆ ಹಲವದಕ್ಕೆ ರೇಡಿಯೇಟರ್ ಇಲ್ಲ. ಸರೋವರದ ನೀರನ್ನೇ ಎಳೆದುಕೊಂಡು ಬ್ಲಾಕಿನೊಳಗೆ ಸುತ್ತಿಸಿ ಹೊರಗೆ ಬಿಡುತ್ತದೆ. ದಡಕ್ಕೆ ಎಳೆದ ಮೇಲೂ ಆ ನೀರಿನಲ್ಲಿ ಒಂದಿಷ್ಟು ಒಳಗೇ ನಿಂತಿರುತ್ತದೆ. ಹೆಪ್ಪುಗಟ್ಟುವಾಗ ನೀರು ಸುಮಾರು 9% ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಕಬ್ಬಿಣವೇ ಸೀಳುತ್ತದೆ. ಬ್ಲಾಕಿನ ಪಕ್ಕದಲ್ಲಿರುವ ದುಂಡನೆಯ ಫ್ರೀಜ್ ಪ್ಲಗ್ಗುಗಳು ಕಳಚಿಬಿದ್ದು ಬ್ಲಾಕನ್ನು ಕಾಪಾಡುತ್ತವೆ ಎಂಬ ಮಾತನ್ನು ನೆಚ್ಚಬೇಡಿ. ಎರಕ ಹೊಯ್ದಾಗಿನ ಮರಳನ್ನು ತೆಗೆಯಲು ಬಿಟ್ಟ ತೂತುಗಳನ್ನು ಮುಚ್ಚುವುದಷ್ಟೇ ಅವುಗಳ ಕೆಲಸ.

ಮೊದಲು ಪೆಟ್ರೋಲ್. ಅಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10% ಎಥನಾಲ್ ಇರುತ್ತದೆ. ಅದು ತೇವ ಹೀರಿ, ಹೀರಿದ್ದು ಹೆಚ್ಚಾದರೆ ನೀರಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರನ್ನು ಬಾಟಲಿಯ ಮೇಲೆ ಹೇಳಿದಷ್ಟು ಹಾಕಿ ಟ್ಯಾಂಕನ್ನು ಸುಮಾರು 95% ತುಂಬಿಸಿ, ಇಂಜಿನ್ನನ್ನು 10-15 ನಿಮಿಷ ಓಡಿಸಿ. ಆಗ ಸ್ಟೆಬಿಲೈಸರ್ ಬೆರೆತ ಪೆಟ್ರೋಲ್ ಕಾರ್ಬೊರೇಟರ್ ಅಥವಾ ಇಂಜೆಕ್ಟರ್‌ವರೆಗೂ ತಲುಪುತ್ತದೆ. ಓಡಿಸುವಾಗ ಡ್ರೈವಿಗೆ ಪೈಪಿನ ನೀರು ಬರುತ್ತಿರಲೇಬೇಕು. ಒಣಗಿ ತಿರುಗಿದರೆ ನೀರೆಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ (ತಿರುಗುವ ರೆಕ್ಕೆಚಕ್ರ) ಬಹುಬೇಗ ಸುಟ್ಟುಹೋಗುತ್ತದೆ. ಬಯಲಿನಲ್ಲೇ ಓಡಿಸಿ, ಮುಚ್ಚಿದ ಶೆಡ್ಡಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಇಂಜಿನ್ ಬಿಸಿಯಿರುವಾಗಲೇ ಆಯಿಲ್, ಫಿಲ್ಟರ್ ಬದಲಿಸಿಬಿಡಿ.

ಇನ್ನು ಮುಖ್ಯ ಕೆಲಸ. ವಿ6 ಅಥವಾ ವಿ8 ಇಂಜಿನ್ನಾದರೆ ಬ್ಲಾಕಿನ ಎರಡೂ ಬದಿಯ ಡ್ರೈನ್ ಪ್ಲಗ್ಗು, ಇಂಜಿನ್ನಿನ ಹೊಗೆ ಸಾಗಿಸುವ ಎರಡೂ ಎಕ್ಸಾಸ್ಟ್ ಮ್ಯಾನಿಫೋಲ್ಡಿನವು, ನೀರಿನ ಪಂಪಿನ ಹೋಸುಗಳು, ಎಲ್ಲವನ್ನೂ ಬಿಚ್ಚಿ. ನಿಖರವಾದ ಜಾಗ ಮ್ಯಾನ್ಯುಯಲ್‌ನಲ್ಲಿದೆ. ಪ್ಲಗ್ ತೆಗೆದರೂ ನೀರು ಬಾರದಿದ್ದರೆ ಒಳಗೆ ಖಾಲಿಯಿದೆ ಎಂದುಕೊಳ್ಳುವುದೇ ದೊಡ್ಡ ತಪ್ಪು. ತುಕ್ಕಿನ ಚಕ್ಕೆ, ಮರಳು ತೂತಿಗೆ ಕಟ್ಟಿಕೊಂಡಿರುತ್ತವೆ. ಗಟ್ಟಿ ತಂತಿ ಹಾಕಿ ಚುಚ್ಚಿ. ಕೆಂಪು ನೀರು ಭಕ್ಕನೆ ಚಿಮ್ಮುತ್ತದೆ. ಹರಿಯುವುದು ಪೂರ್ತಿ ನಿಲ್ಲುವವರೆಗೆ ಕಾಯಿರಿ.

ಬಕೆಟ್ಟಿನಿಂದ ಇಂಜಿನ್ನಿಗೆ ಗುಲಾಬಿ ಆಂಟಿಫ್ರೀಜ್ (ಹೆಪ್ಪುಗಟ್ಟುವುದನ್ನು ತಡೆಯುವ ದ್ರವ) ಎಳೆಸಿ, ಎಕ್ಸಾಸ್ಟಿನಲ್ಲಿ ಬಣ್ಣ ಕಂಡೊಡನೆ ಕೆಲಸ ಮುಗಿಯಿತೆನ್ನುವವರು ಬಹಳ ಮಂದಿ. ಇಂಜಿನ್ ತಣ್ಣಗಿದ್ದರೆ, ಬಿಸಿಯಾದಾಗಷ್ಟೇ ತೆರೆಯುವ ಥರ್ಮೋಸ್ಟಾಟ್ ಎಂಬ ಕವಾಟ ಮುಚ್ಚಿರುತ್ತದೆ. ದ್ರವ ಬ್ಲಾಕಿನೊಳಗೆ ಹೋಗದೆ ನೇರ ಎಕ್ಸಾಸ್ಟಿನಿಂದ ಹೊರಬಂದುಬಿಡಬಹುದು. ಹೋದರೂ ಉಳಿದ ನೀರಿನೊಂದಿಗೆ ಬೆರೆತು ಶಕ್ತಿ ಕಳೆದುಕೊಳ್ಳುತ್ತದೆ. ಡಬ್ಬಿಯ ಮೇಲಿನ ಮೈನಸ್ 50 ಫ್ಯಾರನ್‌ಹೀಟ್ (ಸುಮಾರು ಮೈನಸ್ 46 ಸೆಲ್ಸಿಯಸ್) ಕೂಡ ನೀರು ಬೆರೆಸದ ದ್ರವದಲ್ಲಿ ಪೈಪ್ ಒಡೆಯದ ಮಿತಿ. ದ್ರವ ಅದಕ್ಕೆ ಬಹಳ ಮೊದಲೇ ಗಂಜಿಯಂತಾಗುತ್ತದೆ. ಆದ್ದರಿಂದ ನೀರು ಬಸಿದು, ಪ್ಲಗ್ ಹಾಕಿ, ಥರ್ಮೋಸ್ಟಾಟ್ ಹೌಸಿಂಗಿನ ಹೋಸುಗಳಿಂದ ಬ್ಲಾಕ್ ಮತ್ತು ಮ್ಯಾನಿಫೋಲ್ಡುಗಳಿಗೆ ನೇರವಾಗಿ ಸುರಿಯಿರಿ. ಪ್ರೊಪಿಲೀನ್ ಗ್ಲೈಕಾಲ್‌ನದನ್ನೇ ಕೊಳ್ಳಿ, ಎಥಿಲೀನ್ ಗ್ಲೈಕಾಲ್ ನಾಯಿ ಬೆಕ್ಕುಗಳಿಗೆ ವಿಷ.

ಡ್ರೈವಿನ ಗೇರ್ ಆಯಿಲನ್ನು ಈಗಲೇ ಬಸಿದು ನೋಡಿ. ಹಾಲು ಬೆರೆಸಿದ ಬಣ್ಣವಿದ್ದರೆ ಸೀಲ್ ಸೋರುತ್ತಿದೆ, ನೀರು ಸೇರಿದೆ. ಹಾಗೇ ಬಿಟ್ಟರೆ ಗೇರ್‌ಕೇಸ್ ಸೀಳಬಹುದು. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ಪಂಪ್ ಮಾಡಿ, ಮೇಲಿನದರಲ್ಲಿ ಉಕ್ಕಿದಾಗ ಮೊದಲು ಮೇಲಿನ ಪ್ಲಗ್, ಆಮೇಲೆ ಕೆಳಗಿನದು, ಹೊಸ ವಾಷರ್ ಹಾಕಿ ಬಿಗಿಯಿರಿ. ಡ್ರೈವನ್ನು ಕೆಳಗಿಳಿಸಿಯೇ ನಿಲ್ಲಿಸಿ.

ಬ್ಯಾಟರಿ ಕಳಚಿ ಪೂರ್ತಿ ಚಾರ್ಜ್ ಮಾಡಿ. ಖಾಲಿಯಾದ ಲೆಡ್-ಆಸಿಡ್ ಬ್ಯಾಟರಿ ಸೊನ್ನೆಗಿಂತ ಕೆಲವೇ ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟುತ್ತದೆ. ಬೋಟಿನ ತಳದ ಪ್ಲಗ್ ತೆಗೆದು, ಚೀಲಕ್ಕೆ ಹಾಕಿ ಸ್ಟಿಯರಿಂಗಿಗೆ ಕಟ್ಟಿಡಿ. ವಸಂತದಲ್ಲಿ ಬೋಟ್ ನೀರಿಗಿಳಿಸುವ ಮುನ್ನ ಅದು ಕಣ್ಣಿಗೆ ಬೀಳಲೇಬೇಕು.