ಸೊನ್ನೆ ಬಿಲ್ಲಿನ ಹಿಂದಿನ ಲೆಕ್ಕ: ಕರಾವಳಿಯ ಮನೆಗಳಿಗೆ ವಿದ್ಯುತ್ ನೆರವು ನಡೆದುಬಂದ ದಾರಿ

ಮಂಗಳೂರಿನ ಕಾವೂರಿನಲ್ಲೋ ಉಡುಪಿಯ ಮಣಿಪಾಲದಲ್ಲೋ ಒಂದೇ ಸಾಲಿನಲ್ಲಿರುವ, ಹೆಚ್ಚುಕಡಿಮೆ ಒಂದೇ ಅಳತೆಯ ಮೂರು ಮನೆಗಳಿಗೆ ಮೆಸ್ಕಾಂನ ಮೀಟರ್ ರೀಡರ್ ಒಂದೇ ದಿನ ಬಿಲ್ಲು ಕೊಟ್ಟು ಹೋದರೆ, ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ನೂರಿನ್ನೂರು ರೂಪಾಯಿ, ಮತ್ತೊಂದರಲ್ಲಿ ಎರಡು ಸಾವಿರದ ಹತ್ತಿರದ ಮೊತ್ತ ಇರುವುದು ಈಗ ಸಾಮಾನ್ಯ. ಮೂರೂ ಮನೆಗಳು ಬಳಸಿದ ವಿದ್ಯುತ್ತಿನಲ್ಲಿ ಅಷ್ಟು ಅಂತರ ಇರಲೇಬೇಕೆಂದಿಲ್ಲ. ದರ ನಿಗದಿ ಮಾಡುವವರು ಒಬ್ಬರು, ನೆರವು ಘೋಷಿಸುವವರು ಇನ್ನೊಬ್ಬರು, ಬಿಲ್ಲು ಬರೆಯುವವರು ಮತ್ತೊಬ್ಬರು; ಈ ಮೂವರ ಲೆಕ್ಕಗಳು ಒಂದೇ ಚೀಟಿಯಲ್ಲಿ ಬಂದು ಸೇರುವುದರಿಂದ ಓದುವವರಿಗೆ ತಲೆಬುಡ ತಿಳಿಯದಂತಾಗಿದೆ. ಇದು ಒಂದೆರಡು ವರ್ಷಗಳಲ್ಲಿ ಬಿದ್ದ ಗಂಟಲ್ಲ.

ಮೈಸೂರು ಸಂಸ್ಥಾನ 1902ರಲ್ಲೇ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದಿಸಿದಾಗ ಕರಾವಳಿ ಮದರಾಸು ಪ್ರಾಂತ್ಯದ ಭಾಗವಾಗಿತ್ತು; 1956ರ ಏಕೀಕರಣ, 1957ರ ವಿದ್ಯುತ್ ಮಂಡಳಿ ಮತ್ತು ಶರಾವತಿಯ ವಿದ್ಯುತ್ತು ಒಂದರ ಹಿಂದೆ ಒಂದು ಬಂದ ಮೇಲೂ ಹಳ್ಳಿಯ ಮನೆಗಳಿಗೆ ತಂತಿ ತಲುಪಲು ದಶಕಗಳೇ ಹಿಡಿದವು. ಆ ಕಾಲದಲ್ಲಿ ನೆರವು ಎಂದರೆ ಬಿಲ್ಲಿನ ರಿಯಾಯಿತಿಯಾಗಿರಲಿಲ್ಲ, ಸಂಪರ್ಕ ಸಿಗುವುದೇ ನೆರವಾಗಿತ್ತು. ಬಡವರ ಮನೆಗೆ ಒಂದು ದೀಪ ಕೊಡುವ ರಾಜ್ಯದ ಭಾಗ್ಯಜ್ಯೋತಿ, 1988-89ರಲ್ಲಿ ಕೇಂದ್ರ ಆರಂಭಿಸಿದ ಕುಟೀರಜ್ಯೋತಿ, ಎರಡೂ ಇದೇ ಆಲೋಚನೆಯಿಂದ ಹುಟ್ಟಿದವು. ಉಚಿತದ ಮಿತಿ ಬಹುಕಾಲ ತಿಂಗಳಿಗೆ 18 ಯೂನಿಟ್ ಇತ್ತು, ಆಮೇಲೆ 40ಕ್ಕೆ ಏರಿತು. ಒಂದು ಬಲ್ಬಿಗೆಂದು ಲೆಕ್ಕ ಹಾಕಿದ ಮಿತಿಯೊಳಗೆ ಫ್ಯಾನು, ಟಿವಿ, ಮಿಕ್ಸಿ ಬಂದು ಸೇರಿದಾಗ ಮೀಟರ್ ಮಿತಿಯನ್ನು ದಾಟಿತು. ಕಟ್ಟದೆ ಉಳಿದ ಬಾಕಿ ವರ್ಷ ವರ್ಷಕ್ಕೂ ಬೆಳೆಯಿತು.

1999ರಲ್ಲಿ ಎರಡು ದೊಡ್ಡ ಬದಲಾವಣೆಗಳಾದವು. ವಿದ್ಯುತ್ ಮಂಡಳಿ (ಕೆಇಬಿ) ಹೋಗಿ ಕೆಪಿಟಿಸಿಎಲ್ ಎಂಬ ವಿದ್ಯುತ್ ಪ್ರಸರಣ ನಿಗಮ ಬಂತು. ದರ ನಿರ್ಧರಿಸುವ ಕೆಲಸ ಸರ್ಕಾರದ ಕೈಯಿಂದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ, ಅಂದರೆ ಕೆಇಆರ್‌ಸಿಗೆ ಹೋಯಿತು. 2002ರಲ್ಲಿ ವಿತರಣೆಯೂ ಬೇರೆಯಾಗಿ ಮಂಗಳೂರನ್ನು ಕೇಂದ್ರವಾಗಿಸಿಕೊಂಡ ಮೆಸ್ಕಾಂ ಹುಟ್ಟಿತು. ಮೈಸೂರು ಭಾಗ 2005ರಲ್ಲಿ ಬೇರ್ಪಟ್ಟ ಬಳಿಕ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳು ಅದರ ವ್ಯಾಪ್ತಿಯಲ್ಲಿ ಉಳಿದವು. ಕರೆಂಟು ಹೋದರೆ ಇಂದಿಗೂ ಜನ ‘ಕೆಇಬಿಯವರಿಗೆ ಫೋನ್ ಮಾಡಿ’ ಎನ್ನುತ್ತಾರಾದರೂ ಆ ಸಂಸ್ಥೆ ಇಲ್ಲವಾಗಿ ಕಾಲು ಶತಮಾನ ಕಳೆದಿದೆ. 2003ರ ಕೇಂದ್ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಕಲಂ ಈ ವ್ಯವಸ್ಥೆಗೆ ಒಂದು ಷರತ್ತನ್ನು ಸೇರಿಸಿತು: ಯಾವುದೇ ವರ್ಗದ ಗ್ರಾಹಕರಿಗೆ ರಿಯಾಯಿತಿ ಕೊಡಬೇಕೆಂದು ರಾಜ್ಯ ಸರ್ಕಾರ ಬಯಸಿದರೆ, ಆ ಹಣವನ್ನು ವಿತರಣಾ ಕಂಪನಿಗೆ ಮುಂಗಡವಾಗಿ ಕೊಡಬೇಕು. ಇಂದಿನ ಚರ್ಚೆಯ ಅರ್ಧದಷ್ಟು ಈ ಒಂದು ಕಲಂನಲ್ಲೇ ಅಡಗಿದೆ. ದರ ಎಷ್ಟೆಂದು ಆಯೋಗ ಹೇಳುತ್ತದೆ, ಅದರಲ್ಲಿ ತನ್ನ ಪಾಲೆಷ್ಟೆಂದು ಸರ್ಕಾರ ಹೇಳುತ್ತದೆ, ಉಳಿದದ್ದು ಮನೆಯ ಪಾಲು.

ದರ ಏರುವುದು ಯಾಕೆ ಎಂಬುದಕ್ಕೆ ಕರಾವಳಿಯವರು ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಒಂದು ಕಡೆ ಘಟ್ಟದ ಬುಡದ ಹೊಸಂಗಡಿಯಲ್ಲಿ ವಾರಾಹಿಯ ಭೂಗರ್ಭ ವಿದ್ಯುದಾಗಾರವಿದೆ. 460 ಮೆಗಾವಾಟ್ ಸಾಮರ್ಥ್ಯದ ಅದರ ಜಲವಿದ್ಯುತ್ತು ಅಗ್ಗದ್ದು. ಇನ್ನೊಂದು ಕಡೆ ಪಡುಬಿದ್ರಿ ಸಮೀಪದ ಎಲ್ಲೂರಿನಲ್ಲಿ, ಸ್ಥಳೀಯರ ದೀರ್ಘ ವಿರೋಧದ ನಡುವೆಯೇ ತಲೆಯೆತ್ತಿದ 1,200 ಮೆಗಾವಾಟಿನ ಉಷ್ಣ ಸ್ಥಾವರವಿದೆ; ಅದು ಉರಿಸುವುದು ನವಮಂಗಳೂರು ಬಂದರಿಗೆ ಹಡಗಿನಲ್ಲಿ ಬರುವ ಆಮದು ಕಲ್ಲಿದ್ದಲನ್ನು. 2022ರಲ್ಲಿ ಉಕ್ರೇನ್ ಯುದ್ಧದ ಬೆನ್ನಲ್ಲೇ ಜಗತ್ತಿನಾದ್ಯಂತ ಇಂಧನದ ಬೆಲೆ ಗಗನಕ್ಕೇರಿದಾಗ, ಆಮದು ಕಲ್ಲಿದ್ದಲಿನ ಸ್ಥಾವರಗಳು ಪೂರ್ಣ ಸಾಮರ್ಥ್ಯದಲ್ಲಿ ನಡೆಯಬೇಕೆಂದು ಕೇಂದ್ರ ಸರ್ಕಾರ ಮೇ ತಿಂಗಳಲ್ಲಿ ನಿರ್ದೇಶನ ನೀಡಿತು. ಹೀಗೆ ಏರಿದ ಖರೀದಿ ವೆಚ್ಚ ‘ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಶುಲ್ಕ’ ಎಂಬ ಉದ್ದನೆಯ ಹೆಸರಿನಲ್ಲಿ ಬಿಲ್ಲಿನ ಕೆಳಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಸ್ಥಾವರದ ಹಾರುಬೂದಿಯನ್ನು ಸಹಿಸಿಕೊಂಡ ಊರಿಗೆ ಅದರ ವಿದ್ಯುತ್ತಿನಲ್ಲಿ ಪೈಸೆಯ ರಿಯಾಯಿತಿಯೂ ಇಲ್ಲ ಎಂಬ ಮಾತು ಎಲ್ಲೂರು, ನಂದಿಕೂರು ಕಡೆ ಕೇಳಿಬರುವುದು ಆಶ್ಚರ್ಯವೇನಲ್ಲ.

ಅದೇ 2022ರ ಚಳಿಗಾಲದಲ್ಲಿ ಬ್ರಿಟನ್ ಸರ್ಕಾರ ಪ್ರತಿ ಮನೆಯ ಇಂಧನ ಬಿಲ್ಲಿನಲ್ಲಿ ಆರು ಕಂತುಗಳಲ್ಲಿ 400 ಪೌಂಡ್ ಕಡಿತ ಮಾಡಿತು. ಅದು ಬೆಲೆ ಏರಿತೆಂದು ಬಂದ ನೆರವು, ಅವಧಿ ಮುಗಿದ ಮೇಲೆ ನಿಂತಿತು. ನಮ್ಮಲ್ಲಿ ನೆರವು ಬಂದದ್ದು ಚುನಾವಣೆಯ ಭರವಸೆಯಾಗಿ, ಕೊನೆಯ ದಿನಾಂಕವಿಲ್ಲದೆ. 2022ರಲ್ಲಿ ಆಗಿನ ರಾಜ್ಯ ಸರ್ಕಾರ ಬಡತನ ರೇಖೆಯ ಕೆಳಗಿರುವ ಪರಿಶಿಷ್ಟ ಜಾತಿ, ಪಂಗಡಗಳ ಮನೆಗಳಿಗೆ 75 ಯೂನಿಟ್ ಉಚಿತ ನೀಡುವ ಅಮೃತಜ್ಯೋತಿಯನ್ನು ತಂದಿತ್ತು. 2023ರ ಜನವರಿಯಲ್ಲಿ, ಆಗ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ತನ್ನ ಗ್ಯಾರಂಟಿಗಳ ಪೈಕಿ ಮೊದಲನೆಯದಾಗಿ ಎಲ್ಲ ಮನೆಗಳಿಗೂ 200 ಯೂನಿಟ್ ಉಚಿತ ಎಂದು ಘೋಷಿಸಿತು.

ಆಮೇಲಿನ ಮೂರು ತಿಂಗಳ ದಿನಾಂಕಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಗೊಂದಲ ಗಟ್ಟಿಯಾದದ್ದು ಅಲ್ಲೇ. ಮತ ಎಣಿಕೆಯ ಹಿಂದಿನ ದಿನ, 2023ರ ಮೇ 12ರಂದು, ಆಯೋಗ ಯೂನಿಟಿಗೆ ಸರಾಸರಿ 70 ಪೈಸೆ ಏರಿಸುವ ಆದೇಶ ಹೊರಡಿಸಿತು. ಅದು ಏಪ್ರಿಲ್‌ನಿಂದಲೇ ಪೂರ್ವಾನ್ವಯವಾಯಿತು. ಹೊಸ ಕಾಂಗ್ರೆಸ್ ಸರ್ಕಾರ ಜೂನ್ 5ರಂದು ತನ್ನ 200 ಯೂನಿಟಿನ ಭರವಸೆಯನ್ನು ಜಾರಿಗೆ ತರುವ ಗೃಹಜ್ಯೋತಿ ಯೋಜನೆಯ ಆದೇಶ ಹೊರಡಿಸಿತು, 18ರಿಂದ ನೋಂದಣಿ ಶುರುವಾಯಿತು. ಆದರೆ ಅದೇ ಜೂನ್ ತಿಂಗಳ ಬಿಲ್ಲು ಏರಿದ ದರ, ಹಿಂಬಾಕಿ ಮತ್ತು ಹೊಂದಾಣಿಕೆ ಶುಲ್ಕ ಮೂರನ್ನೂ ಹೊತ್ತು ಮನೆಗಳಿಗೆ ಬಂತು. ಉಚಿತ ಎಂದವರೇ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರು ಎಂದು ಜನ ಭಾವಿಸಿದರು. ಎರಡೂ ಕೈಗಳು ಬೇರೆ ಬೇರೆಯವರವು ಎಂಬ ವಿವರಣೆ ಬಿಲ್ಲು ಹಿಡಿದು ನಿಂತವರಿಗೆ ಸಮಾಧಾನ ತರುವಂಥದ್ದಾಗಿರಲಿಲ್ಲ. ಜುಲೈ ತಿಂಗಳ ಬಳಕೆಯಿಂದ ಯೋಜನೆ ಜಾರಿಯಾಗಿ, ಆಗಸ್ಟ್‌ನಲ್ಲಿ ಮೊದಲ ಸೊನ್ನೆ ಬಿಲ್ಲುಗಳು ಬಂದವು. ಭಾಗ್ಯಜ್ಯೋತಿ, ಕುಟೀರಜ್ಯೋತಿ, ಅಮೃತಜ್ಯೋತಿಗಳು ಗೃಹಜ್ಯೋತಿಯೊಳಗೆ ಸೇರಿಹೋದವು.

ಭರವಸೆಯಲ್ಲಿ 200 ಯೂನಿಟ್ ಎಂದಿದ್ದದ್ದು ಆದೇಶದಲ್ಲಿ ಬೇರೊಂದು ರೂಪ ಪಡೆಯಿತು. 2022-23ರಲ್ಲಿ ಮನೆಯೊಂದು ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಆ ಮನೆಯ ಅರ್ಹತೆ. ಅಷ್ಟರೊಳಗಿದ್ದರೆ ಸೊನ್ನೆ, ಅರ್ಹತೆಯನ್ನು ಮೀರಿ 200ರೊಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗಷ್ಟೇ ಹಣ, 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು. ಹಿಂದಿನ ವರ್ಷದ ಲೆಕ್ಕವಿಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53ಕ್ಕೆ ಶೇ 10 ಸೇರಿಸಿ 58 ಯೂನಿಟ್.

ದುರುಪಯೋಗ ತಡೆಯಲು ಇದು ಬೇಕಾಗಿತ್ತು ಎಂಬುದು ನಿಜ. 200ರವರೆಗೆ ಎಲ್ಲರಿಗೂ ಉಚಿತವೆಂದರೆ 60 ಯೂನಿಟಿನ ಮನೆ 190ಕ್ಕೆ ಏರುವುದಕ್ಕೆ ಹೆಚ್ಚು ದಿನ ಬೇಕಾಗುತ್ತಿರಲಿಲ್ಲ. ಆದರೆ ಈ ಸೂತ್ರದಲ್ಲಿ ನೆರವಿನ ಅಳತೆಗೋಲು ಮನೆಯ ಆದಾಯವಲ್ಲ, ಮನೆಯಲ್ಲಿರುವ ಜನರ ಸಂಖ್ಯೆಯೂ ಅಲ್ಲ, ಹಳೆಯ ಬಳಕೆ. ಆ ವರ್ಷ ತಿಂಗಳಿಗೆ 180 ಯೂನಿಟ್ ಬಳಸಿದವರಿಗೆ 198 ಉಚಿತವಾಯಿತು. ಬಿಲ್ಲಿಗೆ ಹೆದರಿ 30ರಲ್ಲಿ ಸಂಸಾರ ತೂಗಿಸಿದವರಿಗೆ 33. ಮಿತವ್ಯಯ ಮಾಡಿದವರಿಗೆ ಕಡಿಮೆ, ಧಾರಾಳವಾಗಿ ಉರಿಸಿದವರಿಗೆ ಹೆಚ್ಚು. ಈ ಕೊರತೆ ಸರ್ಕಾರದ ಗಮನಕ್ಕೂ ಬಂದು, 2024ರ ಜನವರಿಯಲ್ಲಿ ಸರಾಸರಿ 48 ಯೂನಿಟಿಗಿಂತ ಕೆಳಗಿರುವವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸಲು ಸಚಿವ ಸಂಪುಟ ಒಪ್ಪಿತು. 33 ಇದ್ದದ್ದು 40 ಆಯಿತು. ಬುನಾದಿ ವರ್ಷ ಮಾತ್ರ ಅದೇ ಉಳಿಯಿತು.

ಕರಾವಳಿಯಲ್ಲಿ ಈ ಸರಾಸರಿ ಎಂಬುದು ವಿಚಿತ್ರವಾಗಿ ವರ್ತಿಸುತ್ತದೆ. ಮಕ್ಕಳು ಮುಂಬಯಿಯಲ್ಲೋ ಗಲ್ಫಿನಲ್ಲೋ ಇದ್ದು, ವಯಸ್ಸಾದವರಿಬ್ಬರು ಒಂದು ಕೋಣೆಯ ದೀಪದಲ್ಲಿ ದಿನ ಕಳೆಯುವ ದೊಡ್ಡ ಮನೆಗಳು ಬಂಟ್ವಾಳದಿಂದ ಕುಂದಾಪುರದವರೆಗೂ ಸಿಗುತ್ತವೆ. ಮೇ ತಿಂಗಳಲ್ಲಿ ಮೊಮ್ಮಕ್ಕಳು ಬಂದು, ಸೆಖೆಗೆ ಏಸಿ ಹಗಲಿರುಳು ಓಡಿ, ಬಾವಿಯ ಪಂಪು ಎರಡು ಹೊತ್ತು ನಡೆದರೆ ಆ ಒಂದು ತಿಂಗಳು 200 ದಾಟುವುದು ಖಚಿತ. ಬಾವಿಯ ಪಂಪಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನಗರದಲ್ಲಿ ನಳ್ಳಿನೀರು ಪಾಲಿಕೆಯ ಖರ್ಚಿನಲ್ಲಿ ಮೇಲೇರಿದರೆ, ಇಲ್ಲಿ ಬಹುಪಾಲು ಮನೆಗಳು ನೀರನ್ನು ತಮ್ಮದೇ ಮೀಟರಿನಿಂದ ಎತ್ತುತ್ತವೆ. ಮಾರ್ಚ್ ಬಳಿಕ ಬಾವಿಯ ನೀರು ಇಳಿದಷ್ಟೂ ಪಂಪು ಓಡುವ ಹೊತ್ತು ಹೆಚ್ಚುತ್ತದೆ. ತೋಟದ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ, ಅದೇ ಅಂಗಳದ ಕುಡಿಯುವ ನೀರಿನ ಪಂಪು ಮನೆಯ ಲೆಕ್ಕಕ್ಕೆ. ಇನ್ನು ಕುಟುಂಬದ ಮನೆಗಳಲ್ಲಿ ವಿದ್ಯುತ್ ಸಂಪರ್ಕದ ಗುರುತಾದ ಆರ್‌ಆರ್ ನಂಬರ್ ತೀರಿಹೋದ ಹಿರಿಯರ ಹೆಸರಿನಲ್ಲೇ ಉಳಿದಿದ್ದು, ನೋಂದಣಿಗೆಂದು ಅದಕ್ಕೆ ಆಧಾರ್ ಜೋಡಿಸುವ ಹೊತ್ತಿಗೆ ಯಾರ ಹೆಸರು ಎಂಬ ಪ್ರಶ್ನೆ ಎದ್ದದ್ದೂ ಉಂಟು. ಬಾಡಿಗೆದಾರರಿಗೂ ಯೋಜನೆ ಅನ್ವಯಿಸಿದ್ದು ಒಳ್ಳೆಯ ನಿರ್ಧಾರವೇ. ಆದರೆ ಮನೆ ಬದಲಿಸಿದಾಗ ಹಳೆಯ ಮೀಟರಿನಿಂದ ಆಧಾರನ್ನು ಬಿಡಿಸಿಕೊಳ್ಳುವ ಸೌಲಭ್ಯ ರಾಜ್ಯದ ಆನ್‌ಲೈನ್ ಸೇವಾ ತಾಣವಾದ ಸೇವಾಸಿಂಧುವಿನಲ್ಲಿ ತಡವಾಗಿ ಬಂತು.

200ರ ಗೆರೆಯ ಆಚೆ ಈಚೆ ಎಷ್ಟು ಅಂತರವಿದೆ ಎಂಬುದನ್ನು 2025-26ರ ದರದಲ್ಲಿ ಲೆಕ್ಕ ಹಾಕಬಹುದು. ಯೂನಿಟಿಗೆ 5.80 ರೂಪಾಯಿ, ಪ್ರತಿ ಕಿಲೋವಾಟ್ ಮಂಜೂರಾದ ಹೊರೆಗೆ 145 ರೂಪಾಯಿ ನಿಗದಿತ ಶುಲ್ಕ, ನೌಕರರ ಪಿಂಚಣಿ ನಿಧಿಗೆಂದು ಯೂನಿಟಿಗೆ 36 ಪೈಸೆ, ಅದರ ಮೇಲೆ ಶೇ 9ರ ವಿದ್ಯುತ್ ತೆರಿಗೆ. ಮೂರು ಕಿಲೋವಾಟಿನ ಮನೆಯೊಂದರ ಅರ್ಹತೆ 198 ಇದ್ದು, ಅದು 200 ಯೂನಿಟ್ ಬಳಸಿದರೆ ಎರಡು ಯೂನಿಟಿನ ಹಣ ಕಟ್ಟುತ್ತದೆ. 201 ಬಳಸಿದರೆ 1,750 ರೂಪಾಯಿ ದಾಟುತ್ತದೆ. ಒಂದು ಯೂನಿಟಿಗೆ ಇಷ್ಟು ಬೆಲೆ ತೆರುವ ಗ್ರಾಹಕ ಬೇರೆ ಯಾವ ವರ್ಗದಲ್ಲೂ ಸಿಗಲಾರನು.

ಹೆಚ್ಚಿನವರು ಗಮನಿಸದ ಇನ್ನೊಂದು ಬದಲಾವಣೆ ಇದೇ ಅವಧಿಯಲ್ಲಿ ನಡೆಯಿತು. ಮೊದಲು ಗೃಹಬಳಕೆಯ ದರದಲ್ಲಿ ಹಂತಗಳಿದ್ದವು. ಕಡಿಮೆ ಬಳಸುವವರಿಗೆ ಕಡಿಮೆ ದರ, ಹೆಚ್ಚು ಬಳಸಿದಷ್ಟೂ ಏರುವ ದರ. ಯಾವ ಅರ್ಜಿಯೂ ಇಲ್ಲದೆ, ಯಾವ ಆಧಾರ್ ಜೋಡಣೆಯೂ ಇಲ್ಲದೆ ಬಡವರಿಗೆ ತಾನಾಗಿಯೇ ಸಿಗುತ್ತಿದ್ದ ನೆರವು ಅದು. 2023ರ ಆದೇಶದಲ್ಲಿ ನಾಲ್ಕು ಹಂತಗಳು ಎರಡಾದವು: 100 ಯೂನಿಟ್‌ವರೆಗೆ 4.75, ಅದನ್ನು ದಾಟಿದರೆ ಎಲ್ಲ ಯೂನಿಟಿಗೂ 7 ರೂಪಾಯಿ. 2024ರ ಫೆಬ್ರವರಿಯ ಆದೇಶದಲ್ಲಿ ಹಂತಗಳೇ ಹೋಗಿ ಎಲ್ಲರಿಗೂ 5.90 ಆಯಿತು. ಅಂದಿನ ಸುದ್ದಿ ‘ದರ ಇಳಿಕೆ’ ಎಂದಿತ್ತು. 400 ಯೂನಿಟ್ ಬಳಸುವ ಮನೆಗೆ ಅದು ನಿಜವೂ ಹೌದು, ವಿದ್ಯುತ್ ಶುಲ್ಕ 2,800ರಿಂದ 2,360 ರೂಪಾಯಿಗೆ ಇಳಿಯಿತು. ಆದರೆ ಯೋಜನೆಯ ಹೊರಗೆ ಉಳಿದು 60 ಯೂನಿಟ್ ಬಳಸುವ ಮನೆಗೆ 285 ಇದ್ದದ್ದು 354 ಆಯಿತು. ಗೃಹಜ್ಯೋತಿ ಇರುವವರೆಗೆ ಸಣ್ಣ ಬಳಕೆದಾರರಿಗೆ ಇದು ಕಾಣಿಸುವುದಿಲ್ಲ, ಏಕೆಂದರೆ ಆ ಹಣವನ್ನು ಖಜಾನೆ ಕಟ್ಟುತ್ತಿದೆ. ಯೋಜನೆ ಎಂದಾದರೂ ನಿಂತರೆ ಅಥವಾ ಕುಗ್ಗಿದರೆ ಅವರು ಮರಳಿ ಹೋಗಲು ಹಳೆಯ ಮೆಟ್ಟಿಲುಗಳು ಈಗ ಇಲ್ಲ.

ಖಜಾನೆಯ ಪಾಲು ಸಣ್ಣದಲ್ಲ. 2024-25ರ ಬಜೆಟ್ಟಿನಲ್ಲಿ ಗೃಹಜ್ಯೋತಿಗೆ 9,657 ಕೋಟಿ, 2025-26ರಲ್ಲಿ 10,100 ಕೋಟಿ ರೂಪಾಯಿ ಇಡಲಾಯಿತು. ಆಯೋಗ ದರವನ್ನೋ ನಿಗದಿತ ಶುಲ್ಕವನ್ನೋ ಏರಿಸಿದಾಗಲೆಲ್ಲ ಈ ಮೊತ್ತವೂ ಏರಬೇಕು. ಸೊನ್ನೆ ಬಿಲ್ಲಿನ ಮನೆಗೆ ಏರಿಕೆಯ ಸುಳಿವೇ ಸಿಗುವುದಿಲ್ಲ. ದರ ಪರಿಷ್ಕರಣೆಗೆ ಮುನ್ನ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಗಳಲ್ಲಿ ಕೈಗಾರಿಕೆ, ಮಂಜುಗಡ್ಡೆ ಘಟಕ, ಕೃಷಿಕರ ಪರವಾಗಿ ವಾದಗಳು ಕೇಳಿಬರುತ್ತವೆ. ಬಿಲ್ಲೇ ಇಲ್ಲದ ಗೃಹಬಳಕೆದಾರ ಅಲ್ಲಿಗೆ ಯಾಕಾದರೂ ಹೋದಾನು?

ಅಡುಗೆ ಅನಿಲದ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗಿದರೂ ದಾರಿ ಬೇರೆ. ಎಂಆರ್‌ಪಿಎಲ್ ತೈಲಾಗಾರವೂ ಪಣಂಬೂರಿನ ಅನಿಲ ಆಮದು ಟರ್ಮಿನಲ್ಲೂ ಪಕ್ಕದಲ್ಲೇ ಇದ್ದರೂ ಸುರತ್ಕಲ್ಲಿನ ಮನೆಯ ಸಿಲಿಂಡರಿನ ಬೆಲೆ ಅಂತರರಾಷ್ಟ್ರೀಯ ಮಾರುಕಟ್ಟೆಯನ್ನೇ ಹಿಂಬಾಲಿಸುತ್ತದೆ. 2015ರಿಂದ ದೇಶವಿಡೀ ಸಬ್ಸಿಡಿ ಬ್ಯಾಂಕ್ ಖಾತೆಗೆ ಬರತೊಡಗಿತು. 2020ರ ಮಧ್ಯದಲ್ಲಿ ಬಹುತೇಕರಿಗೆ ಅದು ಸದ್ದಿಲ್ಲದೆ ನಿಂತುಹೋಯಿತು. 2022ರಲ್ಲಿ ಬಡ ಮನೆಗಳಿಗೆ ಅನಿಲ ಸಂಪರ್ಕ ಕೊಡುವ ಕೇಂದ್ರದ ಉಜ್ವಲಾ ಯೋಜನೆಯ ಫಲಾನುಭವಿಗಳಿಗೆ ಮಾತ್ರ ಸಿಲಿಂಡರಿಗೆ 200 ರೂಪಾಯಿ ಮರಳಿ ಬಂತು, 2023ರ ಅಕ್ಟೋಬರ್‌ನಲ್ಲಿ ಅದು 300 ಆಯಿತು. ಉಳಿದವರಿಗೆ ಸಿಕ್ಕಿದ್ದು 2023ರ ಆಗಸ್ಟ್‌ನ 200 ಮತ್ತು 2024ರ ಮಾರ್ಚ್‌ನ 100 ರೂಪಾಯಿಗಳ ಬೆಲೆ ಇಳಿಕೆ. 2025ರ ಏಪ್ರಿಲ್‌ನಲ್ಲಿ ಮತ್ತೆ 50 ಏರಿತು.

ಈಗ ಇನ್ನೊಂದು ಎಳೆ ಸೇರಿಕೊಂಡಿದೆ. 2024ರ ಫೆಬ್ರವರಿಯಲ್ಲಿ ಬಂದ ಕೇಂದ್ರದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ, ಚಾವಣಿಯ ಮೇಲೆ ಸೌರಫಲಕ ಹಾಕುವವರಿಗೆ ಎರಡು ಕಿಲೋವಾಟ್‌ವರೆಗೆ ತಲಾ 30,000 ರೂಪಾಯಿಯಂತೆ, ಮೂರು ಅಥವಾ ಅದಕ್ಕಿಂತ ಹೆಚ್ಚು ಕಿಲೋವಾಟಿಗೆ ಗರಿಷ್ಠ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಸೊನ್ನೆ ಬಿಲ್ಲು ಬರುತ್ತಿರುವ ಮನೆಗೆ ಉಳಿದ ಹಣ ಕೈಯಿಂದ ಹಾಕಿ ಫಲಕ ಕೂರಿಸುವ ಲೆಕ್ಕ ಕೂಡಿಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುವ ಈ ಸೀಮೆಯಲ್ಲಂತೂ ಇನ್ನೂ ಕಷ್ಟ. 200 ದಾಟುವ ಮನೆಗಳಿಗೆ ಮಾತ್ರ ಅದು ಹೊಂದುತ್ತದೆ, ಅಂದರೆ ಎರಡು ಸರ್ಕಾರಗಳ ಎರಡು ನೆರವುಗಳು ಎರಡು ಬೇರೆ ವರ್ಗಗಳನ್ನು ಹುಡುಕಿಕೊಂಡು ಹೋಗಿವೆ. ಇವೆರಡರ ನಡುವೆ ಉಳಿದವರು ವರ್ಷದಲ್ಲಿ ಎರಡು ಮೂರು ಬೇಸಿಗೆ ತಿಂಗಳಷ್ಟೇ ಗೆರೆ ದಾಟುವ, ಫಲಕಕ್ಕೆ ಬಂಡವಾಳವಿಲ್ಲದ ಮನೆಗಳು. 2025ರ ಬಹುವಾರ್ಷಿಕ ಆದೇಶದಂತೆ ಪಿಂಚಣಿಯ ಪಾಲು 2026-27ರಲ್ಲಿ 35, 2027-28ರಲ್ಲಿ 34 ಪೈಸೆ. ಈ ಮನೆಗಳು ಅದನ್ನು ಗೆರೆ ದಾಟಿದ ತಿಂಗಳುಗಳಲ್ಲಿ ತಾವೇ ಕಟ್ಟುತ್ತವೆ, ಉಳಿದ ತಿಂಗಳುಗಳಲ್ಲಿ ಅವುಗಳ ಪರವಾಗಿ ಖಜಾನೆ ಕಟ್ಟುತ್ತದೆ.